ನೀರಿನ ಮೇಲೆ ಕಳೆದ ವರ್ಷಗಳು: ನಡಿಗಡ್ಡದ ಅಂಬಿಗರು ಮತ್ತು ದೋಣಿ ನಡೆಸುವ ಅರ್ಹತೆಯ ಚರಿತ್ರೆ

ದೋಣಿಯನ್ನಾಗಲಿ ಹಡಗನ್ನಾಗಲಿ ತನ್ನ ಹೊಣೆಯ ಮೇಲೆ ನಡೆಸಲು ಒಬ್ಬ ಮನುಷ್ಯ ತಕ್ಕವನೇ ಎಂದು ನೋಡುವಾಗ ಎಲ್ಲ ನಾಡಿನವರೂ ಮೊದಲು ಕೇಳುವ ಪ್ರಶ್ನೆ ಒಂದೇ: ಅವನು ನೀರಿನ ಮೇಲೆ ಎಷ್ಟು ಕಾಲ ದುಡಿದಿದ್ದಾನೆ? ಹಡಗಿನವರು ಈ ಕಾಲವನ್ನು ‘ಸೀ ಟೈಮ್’ ಎನ್ನುತ್ತಾರೆ. ಕಚೇರಿಯ ಕಾಗದಗಳಲ್ಲಿ ಅದು ಸಮುದ್ರ ಸೇವಾವಧಿ. ಪರೀಕ್ಷೆ, ಕಣ್ಣು ಕಿವಿಗಳ ತಪಾಸಣೆ, ತರಬೇತಿ ಶಾಲೆಯ ಪ್ರಮಾಣಪತ್ರ ಇವೆಲ್ಲ ಆಮೇಲೆ ಬಂದು ಸೇರಿಕೊಂಡವು. ಇಂದಿಗೂ ಸೇವಾವಧಿ ತುಂಬದವನನ್ನು ಪರೀಕ್ಷೆಗೇ ಕೂರಿಸುವುದಿಲ್ಲ.

ಕಾಲವನ್ನೇ ಅಳತೆಯಾಗಿ ಹಿಡಿದದ್ದಕ್ಕೆ ಬಲವಾದ ಕಾರಣವಿದೆ. ನೀರು ಕಲಿಸುವ ಪಾಠಗಳು ಬೇಕೆಂದಾಗ ಸಿಗುವುದಿಲ್ಲ. ಬಿರುಗಾಳಿ ತನ್ನ ಋತುವಿನಲ್ಲಿ ಏಳುತ್ತದೆ, ಹೊಳೆ ತನ್ನ ತಿಂಗಳಲ್ಲಿ ತುಂಬುತ್ತದೆ, ದೊಡ್ಡ ನೆರೆ ಒಂದು ತಲೆಮಾರಿಗೆ ಒಂದೆರಡು ಸಲ ಬಂದರೆ ಹೆಚ್ಚು. ಇವನ್ನೆಲ್ಲ ಕಂಡವನಾಗಬೇಕಾದರೆ ಕಾಯಬೇಕು, ಕಾಯುವಾಗ ದೋಣಿಯಲ್ಲೇ ಇರಬೇಕು. ಕಡಲಿನ ಕಾನೂನು ಈ ಕಾಯುವಿಕೆಯನ್ನು ತಿಂಗಳುಗಳಲ್ಲಿ ಲೆಕ್ಕ ಹಾಕಿ ಪುಸ್ತಕಕ್ಕೆ ಇಳಿಸಿತು. ಒಳನಾಡಿನ ಹೊಳೆಗಳಲ್ಲಿ ಅದೇ ಲೆಕ್ಕ ಊರಿನ ನೆನಪಿನಲ್ಲಿ ಉಳಿಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲದಲ್ಲಿ ಈ ಎರಡು ಲೆಕ್ಕಗಳ ಅಂತರ ಸ್ಪಷ್ಟವಾಗಿ ಕಾಣುತ್ತದೆ.

ಮಾನೋಪಾಡು ಎಂಬ ಊರು ಇರುವುದು ಆ ನೆಲದ ಪೂರ್ವದ ತುದಿಯ ಕಡೆಗೆ, ಗದ್ವಾಲಕ್ಕೂ ಆಲಂಪುರಕ್ಕೂ ನಡುವೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆಲಂಪುರ ದಾಟಿದ ಮೇಲೆ ಎರಡೂ ಕೂಡುತ್ತವೆ. ಸುತ್ತಲಿನ ಜನ ಈ ಸೀಮೆಯನ್ನು ನಡಿಗಡ್ಡ ಎನ್ನುತ್ತಾರೆ. ಚರಿತ್ರೆಯ ಪುಸ್ತಕಗಳಲ್ಲಿ ಇದು ರಾಯಚೂರು ದೋಆಬಿನ ಕೊನೆಯ ಭಾಗ. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆಗುವವರೆಗೂ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು; ಕನ್ನಡ ತೆಲುಗುಗಳೆರಡೂ ಸಂತೆಯ ಮಾತಾಗಿದ್ದವು. ಈ ಸೀಮೆಯಿಂದ ರಾಯಚೂರಿನ ಕಡೆಗೆ ಹೋಗುವವನಿಗೆ ಮಾತ್ರ ದೊಡ್ಡ ಹೊಳೆ ಅಡ್ಡ ಬರುವುದಿಲ್ಲ. ಕರ್ನೂಲಿನ ಪೇಟೆಗೆ ಹೊರಟರೆ ತುಂಗಭದ್ರೆ, ಮಕ್ತಲಕ್ಕೋ ವನಪರ್ತಿಗೋ ಹೊರಟರೆ ಕೃಷ್ಣೆ. ಸೇತುವೆಗಳಿಲ್ಲದ ಕಾಲದಲ್ಲಿ ಮದುವೆ, ವ್ಯಾಪಾರ, ಜಾತ್ರೆ, ಯುದ್ಧ ಎಲ್ಲವೂ ಅಂಬಿಗನ ಕೈಯಲ್ಲಿದ್ದವು.

ಅವನ ವಾಹನ ಹರಿಗೋಲು. ರಾಯಚೂರು ಗದ್ವಾಲದ ಕಡೆ ಪುಟ್ಟಿ ಎಂಬ ಹೆಸರೂ ಉಂಟು. ಬಿದಿರನ್ನು ಸೀಳಿ ಬುಟ್ಟಿಯಂತೆ ದುಂಡಗೆ ಹೆಣೆದು, ಬಾಯಿಯ ಸುತ್ತ ದಪ್ಪ ಬಿದಿರಿನ ಅಂಚು ಕಟ್ಟಿ, ಹೊರಮೈಗೆ ಎತ್ತು ಎಮ್ಮೆಗಳ ಚರ್ಮ ಹೊದಿಸುತ್ತಿದ್ದರು. 20ನೆಯ ಶತಮಾನದಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಗೋಣಿ, ತಾಡಪಾಲು, ಡಾಂಬರು ಬಂದವು. ಈಚೆಗೆ ಫೈಬರಿನವೂ ಬಂದಿವೆ. ಆಕಾರ ಮಾತ್ರ ಬದಲಾಗಲಿಲ್ಲ. ಬಂಡೆಗಳು ತುಂಬಿದ ಈ ಹೊಳೆಗಳಲ್ಲಿ ಮರದ ಹಲಗೆಯ ದೋಣಿ ತಾಗಿ ಸೀಳುತ್ತದೆ; ಹೆಣೆದ ಬಿದಿರು ಬಾಗಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ದಾಟಿಸಿದ ಮೇಲೆ ಸಣ್ಣದಾದರೆ ತಲೆಯ ಮೇಲೆ ಹೊತ್ತು ದಡದುದ್ದಕ್ಕೆ ಮೇಲಕ್ಕೆ ನಡೆಯಬಹುದು. ಈ ಹೊಳೆಗೆ ಇದಕ್ಕಿಂತ ಒಪ್ಪುವ ವಾಹನವನ್ನು ಯಾರೂ ಕಟ್ಟಲಿಲ್ಲ.

ಬರಹದ ದಾಖಲೆಗಳಲ್ಲಿ ಹರಿಗೋಲು ಬಹಳ ಹಿಂದಿನಿಂದ ಸಿಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಹರಿಗೋಲನ್ನು ವಿವರವಾಗಿ ಬಣ್ಣಿಸಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಹತ್ತಿಸಬಹುದು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ. ದೋಣಿ ನೇರ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂಬುದೂ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂಬುದೂ ಅವನ ಕಣ್ಣಿಗೆ ಬಿದ್ದಿವೆ. ಅದೇ 1520ರಲ್ಲಿ ರಾಯಚೂರಿನ ಕಾಳಗವಾಯಿತು. ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಕೃಷ್ಣದೇವರಾಯನೆದುರು ಸೋತು ಹಿಂದಕ್ಕೆ ಓಡುವಾಗ ಹೊಳೆಯಲ್ಲೇ ಅಸಂಖ್ಯ ಜನ ಮುಳುಗಿದರು. ದಾಟುವ ಸಾಧನ ಸಾಲದೆ ಹೋದರೆ ಹೊಳೆ ಏನು ಮಾಡುತ್ತದೆ ಎಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. 17ನೆಯ ಶತಮಾನದಲ್ಲಿ ವಜ್ರದ ಗಣಿಗಳನ್ನು ಹುಡುಕಿ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಕೃಷ್ಣೆಯಲ್ಲಿ ಚರ್ಮ ಹೊದಿಸಿದ ದೊಡ್ಡ ಬುಟ್ಟಿಗಳನ್ನು ಕಂಡು ಬರೆದಿಟ್ಟ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆಯನ್ನು ಹಾವನೂರಿನ ಬಳಿ ದಾಟಿದ. ಮಳೆಗಾಲ ಬರುವ ಮುನ್ನ ಉತ್ತರ ಕರ್ನಾಟಕದ ಹೊಳೆಗಳಲ್ಲಿ ಹರಿಗೋಲುಗಳನ್ನು ಕಟ್ಟಿಸಿ ಇಡಬೇಕೆಂದು ಅವನು ಬರೆದ ಆಜ್ಞೆಗಳು ಅವನ ಪತ್ರಸಂಪುಟಗಳಲ್ಲಿವೆ. ಯುರೋಪಿನ ಸೇನಾ ವಿದ್ಯೆ ಕಲಿತವನೂ ಈ ಹೊಳೆಗಳಲ್ಲಿ ಬಿದಿರು ಚರ್ಮಗಳನ್ನೇ ನಂಬಿದ.

ಈ ಬರಹಗಳಲ್ಲೆಲ್ಲ ಒಂದು ಕೊರತೆ ಇದೆ. ದೋಣಿಯ ಅಗಲ, ಚರ್ಮ, ಹಿಡಿಯುವ ಜನರ ಲೆಕ್ಕ ಸಿಗುತ್ತವೆ. ದೋಣಿ ನಡೆಸುವವನು ಅದನ್ನು ಹೇಗೆ ಕಲಿತ ಎಂಬುದು ಸಿಗುವುದಿಲ್ಲ. ಆ ಕಲಿಕೆಯನ್ನು ಕೆಲಸದಿಂದಲೇ ತಿಳಿಯಬೇಕು.

ಹರಿಗೋಲಿಗೆ ಮುಂದು ಹಿಂದು ಇಲ್ಲ, ನೀರಿನಲ್ಲಿ ಕಚ್ಚಿ ಹಿಡಿಯುವ ಅಡಿಗಟ್ಟೂ ಇಲ್ಲ. ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತು ಅಥವಾ ಕುಕ್ಕರುಗಾಲಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಎಳೆತ ಒಂದು ಕಡೆ ಹೆಚ್ಚಾದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ನೇರ ಅಡ್ಡಲಾಗಿ ದಾಟುವ ಮಾತೇ ಇಲ್ಲ. ಸೆಳವು ಎಷ್ಟು ದೂರ ಕೆಳಕ್ಕೆ ಒಯ್ಯುತ್ತದೆ ಎಂದು ಕಣ್ಣಳತೆಯಲ್ಲೇ ಗುಣಿಸಿ, ಅಷ್ಟು ದೂರ ಮೇಲಕ್ಕೆ ದಡದ ಗುಂಟ ಹೋಗಿ ಅಲ್ಲಿಂದ ಬಿಡಬೇಕು. ಈ ಲೆಕ್ಕ ತಪ್ಪಿದರೆ ಇಳಿಯುವ ಜಾಗ ಕೈತಪ್ಪುತ್ತದೆ. ಕೆಳಗೆ ಬಂಡೆಸಾಲು ಇದ್ದರೆ ಜೀವವೂ ಹೋಗುತ್ತದೆ. ನೀರು ಏರಿದಷ್ಟೂ ಬಿಡುವ ಜಾಗ ಮೇಲಕ್ಕೆ ಸರಿಯುತ್ತದೆ, ಇಳಿದಷ್ಟೂ ಕೆಳಕ್ಕೆ ಬರುತ್ತದೆ. ಹೀಗಾಗಿ ಒಂದೇ ಊರಿನ ಒಂದೇ ರೇವು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ದಾರಿಯಾಗುತ್ತದೆ.

ಇದರ ಮೇಲೆ ಹೊಳೆಯ ಸ್ವಭಾವದ ಅರಿವು ಬೇಕು. ನಡಿಗಡ್ಡ ಮಳೆ ಕಡಿಮೆಯ ಸೀಮೆ. ಆದರೆ ಕೃಷ್ಣೆ ಮಹಾಬಳೇಶ್ವರದ ಘಟ್ಟದಿಂದ ಬರುವ ಹೊಳೆ, ತುಂಗೆ ಭದ್ರೆಯರು ಮಲೆನಾಡಿನ ಮಕ್ಕಳು. ಇಲ್ಲಿ ಆಕಾಶದಿಂದ ಹನಿ ಬೀಳದಿದ್ದರೂ, ಹೊಲದಲ್ಲಿ ಪೈರು ಒಣಗುತ್ತಿದ್ದರೂ, ಆಷಾಢ ಶ್ರಾವಣದಲ್ಲಿ ಹೊಳೆ ದಡ ಮುಟ್ಟಿ ಹರಿಯಬಹುದು. ಮೇಲಿನ ಮಳೆಯ ಸುದ್ದಿ ತಂತಿ, ಫೋನು ಬರುವ ಮೊದಲು ನೀರೇ ತರುತ್ತಿತ್ತು: ಬಣ್ಣ ಕೆಂಪಾಗುವುದು, ನೊರೆ ಕಟ್ಟುವುದು, ತೇಲಿ ಬರುವ ಕಸಕಡ್ಡಿ, ಬೇರು ಸಮೇತ ಕಿತ್ತುಬಂದ ಗಿಡ. ಯಾವ ಬಂಡೆ ಮುಳುಗಿದರೆ ಯಾವ ಮಡುವಿನಲ್ಲಿ ಸುಳಿ ಏಳುತ್ತದೆ, ಯಾವ ಗುರುತು ಮುಳುಗಿದ ಮೇಲೆ ಯಾರು ಎಷ್ಟು ಹಣ ಕೊಡುತ್ತೇನೆಂದರೂ ದೋಣಿ ಬಿಡಬಾರದು ಎಂಬುದು ಅಂಬಿಗನ ತಲೆಯಲ್ಲಿ ನಕಾಶೆಯಾಗಿ ಇರುತ್ತಿತ್ತು. ಬಿಡುವುದಿಲ್ಲ ಎಂದು ಹೇಳಬಲ್ಲವನೇ ಪಳಗಿದ ಅಂಬಿಗ.

ಇದಕ್ಕೆ ಪಠ್ಯ ಇರಲಿಲ್ಲ, ಕ್ರಮ ಇತ್ತು. ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಒಳಗೆ ಸೇರಿದ ನೀರನ್ನು ಎತ್ತಿ ಹೊರಗೆ ಚೆಲ್ಲುವ ಕೆಲಸ, ಜೊತೆಗೆ ಬಿದಿರು ಸೀಳುವುದು, ಹರಿದಲ್ಲಿ ತೇಪೆ ಹಾಕುವುದು. ಬೇಸಿಗೆಯ ನಿಂತ ನೀರಿನಲ್ಲಿ ಒಬ್ಬನೇ ಹುಟ್ಟು ಹಾಕಿ ಕೈ ಪಳಗಬೇಕು. ಮೀನಿನ ಬಲೆ ಬಿಡಲು ಹೋದಾಗ ಹೊಳೆಯ ತಳ ಪರಿಚಯವಾಗುತ್ತದೆ. ಮಳೆಗಾಲದಲ್ಲಿ ಹಿರಿಯನ ಎದುರಿಗೆ ಎರಡನೆಯ ಹುಟ್ಟು ಹಿಡಿಯಬೇಕು. ಜನ ತುಂಬಿದ ಹರಿಗೋಲನ್ನು ತುಂಬಿದ ಹೊಳೆಯಲ್ಲಿ ಒಪ್ಪಿಸುವುದು ಎಲ್ಲಕ್ಕಿಂತ ಕೊನೆಗೆ. ಆ ಒಪ್ಪಿಗೆ ಕೊಡುತ್ತಿದ್ದವರು ಇಬ್ಬರು: ಕಲಿಸಿದ ಹಿರಿಯ ಮತ್ತು ಹತ್ತಿ ಕೂರುವ ಊರು. ಯಾರ ಹುಟ್ಟಿನ ಕೆಳಗೆ ಹೆಂಡತಿ ಮಕ್ಕಳನ್ನು ಕೂರಿಸಬಹುದು ಎಂಬುದು ಊರಿಗೆ ಗೊತ್ತಿರುತ್ತಿತ್ತು. ಕಡಲಿನ ಭಾಷೆಯಲ್ಲಿ ಹೇಳುವುದಾದರೆ ಇದು ಮೇಲ್ವಿಚಾರಣೆಯಲ್ಲಿ ಪಡೆದ ಸೇವಾವಧಿಯೇ; ಸಹಿ ಮಾಡಿದ ಪುಸ್ತಕವೊಂದಿಲ್ಲ ಅಷ್ಟೆ.

ಈ ವಿದ್ಯೆ ಕುಲದೊಳಗೆ ಸಾಗಿಬಂತು. ಕನ್ನಡ ನಾಡಿನಲ್ಲಿ ಅಂಬಿಗ, ಬೆಸ್ತ, ಕಬ್ಬಲಿಗ, ಗಂಗಾಮತಸ್ಥ ಎಂಬ ಹೆಸರುಗಳ ಸಮುದಾಯಗಳು, ತೆಲುಗು ಕಡೆ ಬೆಸ್ತರು ಹೊಳೆಯನ್ನು ನಂಬಿ ಬದುಕಿದರು. ಈ ಕಸುಬಿಗೆ ಕನ್ನಡ ಸಾಹಿತ್ಯದಲ್ಲಿ ದೊರೆತ ಗೌರವದ ಸ್ಥಾನ 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನದು. ಹಾವೇರಿ ಜಿಲ್ಲೆಯ ತುಂಗಭದ್ರೆಯ ದಡದ ಚೌಡದಾನಪುರಕ್ಕೆ ಅವನ ಹೆಸರಿನ ನಂಟಿದೆ. ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡವನು ಅವನು. ಹೊಳೆದಡದ ಹಳ್ಳಿಗಳಲ್ಲಿ ಅಂಬಿಗನಿಗೆ ಊರವರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುವುದು, ಪರ ಊರಿನವರು ದಾಟಿದಾಗ ಕಾಸು ಕೊಡುವುದು ವಾಡಿಕೆ. ಕಾಳು ಪಡೆದವನಿಗೆ ಊರಿನವರನ್ನು ಹೊತ್ತು ಗೊತ್ತಿಲ್ಲದೆ ದಾಟಿಸುವ ಹೊಣೆಯೂ ಬರುತ್ತಿತ್ತು. ಸೂಲಗಿತ್ತಿಯನ್ನು ಕರೆತರಲು ನಡುರಾತ್ರಿ ಎಬ್ಬಿಸಿದರೂ ಏಳಬೇಕು.

19ನೆಯ ಶತಮಾನದಲ್ಲಿ ಸರ್ಕಾರಗಳು ಈ ವ್ಯವಸ್ಥೆಗೆ ಕೈ ಹಾಕಿದವು. ಮುಂಬೈ ಪ್ರಾಂತ್ಯ 1868ರಲ್ಲಿ ದೋಣಿ ದಾಟುಗಳ ಕಾಯ್ದೆ ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳ ಹೊಳೆದಾಟುಗಳು ಅದರ ಕೆಳಗೆ ಬಂದವು. ಮದ್ರಾಸ್ ಪ್ರಾಂತ್ಯದಲ್ಲಿ ಕಾಲುವೆ ಮತ್ತು ಸಾರ್ವಜನಿಕ ದೋಣಿದಾಟುಗಳ ಕಾಯ್ದೆ 1890ರಲ್ಲಿ ಬಂತು. ಈ ಕಾಯ್ದೆಗಳ ಗಮನವೆಲ್ಲ ದಾಟಿನ ಹಕ್ಕು, ಗುತ್ತಿಗೆ, ಸುಂಕ, ದೋಣಿಯ ಸ್ಥಿತಿ ಇವುಗಳ ಮೇಲೆ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ದಾಟು ಸೇರಿತು. ಗುತ್ತಿಗೆದಾರ ಹೊಳೆ ಬಲ್ಲವನಾಗಿರಬೇಕೆಂದೇನೂ ಇರಲಿಲ್ಲ. ಹುಟ್ಟು ಹಾಕಲು ಅವನು ಅದೇ ಅಂಬಿಗನನ್ನು ಕೂಲಿಗೆ ಇಟ್ಟುಕೊಂಡ. ನಡೆಸುವ ಹಕ್ಕೂ ನಡೆಸುವ ವಿದ್ಯೆಯೂ ಬೇರೆಬೇರೆಯಾದದ್ದು ಇಲ್ಲಿಂದ ಮುಂದೆ.

ಮಾನೋಪಾಡಿನ ಸೀಮೆಗೆ ಈ ಬದಲಾವಣೆ ಎದುರು ದಡದಲ್ಲೇ ಕಾಣುತ್ತಿತ್ತು. ತುಂಗಭದ್ರೆಯ ಉತ್ತರ ದಡ ನಿಜಾಮರದು. 1853ರಲ್ಲಿ ರಾಯಚೂರು ದೋಆಬನ್ನು ಕಂಪನಿ ಸರ್ಕಾರ ಸಾಲಕ್ಕಾಗಿ ವಹಿಸಿಕೊಂಡಿತು; 1860ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಮರಳಿಸಿತು. ದಕ್ಷಿಣ ದಡದ ಕರ್ನೂಲು 1839ರಲ್ಲೇ ನವಾಬರ ಕೈತಪ್ಪಿ ಬ್ರಿಟಿಷರಿಗೆ ಸೇರಿತ್ತು. ರಾಜೋಳಿಯ ಎದುರಿಗೆ ಸುಂಕೇಸುಲದಲ್ಲಿ 1860ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಅಣೆಕಟ್ಟೆ ಕಟ್ಟಿ ಕರ್ನೂಲು–ಕಡಪ ಕಾಲುವೆ ತೋಡಿತು. ಅದು ನೀರಾವರಿಗೆ ಮಾತ್ರ ತೋಡಿದ ಕಾಲುವೆಯಾಗಿರಲಿಲ್ಲ. ಸರಕು ಹೊತ್ತ ದೋಣಿಗಳು ಓಡಾಡಲೆಂದು ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲುಗಳನ್ನೂ ಕಟ್ಟಿದ್ದರು. ಕಂಪನಿ ನಷ್ಟಕ್ಕೆ ಸಿಕ್ಕಿ 1882ರಲ್ಲಿ ಕಾಲುವೆ ಸರ್ಕಾರದ ಪಾಲಾಯಿತು. ರೈಲು ಬಂದ ಮೇಲೆ ದೋಣಿ ಸಂಚಾರ ಸೊರಗಿ ನಿಂತುಹೋಯಿತು. ಒಂದು ಕಾಲಕ್ಕೆ ಒಂದೇ ಹೊಳೆಯ ಒಂದು ಮಗ್ಗುಲಲ್ಲಿ ಕಾಯ್ದೆಯ ಕಾಲುವೆದೋಣಿ, ಇನ್ನೊಂದು ಮಗ್ಗುಲಲ್ಲಿ ವಾಡಿಕೆಯ ಹರಿಗೋಲು ಇದ್ದವು.

ಕಡಲಿನಲ್ಲಿ ಲೆಕ್ಕ ಬೇರೆ ಹಾದಿ ಹಿಡಿಯಿತು. ಬ್ರಿಟನ್ನಿನಲ್ಲಿ 1850ರವರೆಗೆ ಹಡಗಿನ ಮಾಲೀಕ ಯಾರನ್ನು ಬೇಕಾದರೂ ಕಪ್ತಾನನನ್ನಾಗಿ ಮಾಡಬಹುದಿತ್ತು. ಮೇಲಿಂದ ಮೇಲೆ ಹಡಗುಗಳು ಮುಳುಗಿದ ಮೇಲೆ ಆ ವರ್ಷ ಬಂದ ಕಾಯ್ದೆ, ದೂರದ ದೇಶಗಳಿಗೆ ಹೋಗುವ ಹಡಗುಗಳ ಕಪ್ತಾನರಿಗೂ ಅವರ ಕೈಕೆಳಗಿನ ಅಧಿಕಾರಿಗಳಿಗೂ ಪರೀಕ್ಷೆ ಕಡ್ಡಾಯ ಮಾಡಿತು. 1854ರ ಕಾಯ್ದೆ ಅದನ್ನು ದೇಶದೊಳಗಿನ ಪ್ರಯಾಣಿಕ ಹಡಗುಗಳಿಗೂ ವಿಸ್ತರಿಸಿತು. ಈ ಬದಲಾವಣೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾಯ್ದೆ ಬರುವ ಮುಂಚೆಯೇ ಕಪ್ತಾನರಾಗಿ ದುಡಿದವರನ್ನು ಅದು ಹೊರಗೆ ತಳ್ಳಲಿಲ್ಲ. ಅವರಿಗೆ ಪರೀಕ್ಷೆಯಿಲ್ಲದೆ, ದುಡಿದ ವರ್ಷಗಳನ್ನು ನೋಡಿಯೇ ‘ಸೇವಾ ಪ್ರಮಾಣಪತ್ರ’ ಕೊಟ್ಟಿತು. ಹೊಸಬರಿಗೆ ಮಾತ್ರ ‘ಸಾಮರ್ಥ್ಯ ಪ್ರಮಾಣಪತ್ರ’. ಹಳೆಯ ವಿದ್ಯೆಯಿಂದ ಹೊಸ ಕಾನೂನಿಗೆ ಸಾಗಲು ಇದು ನ್ಯಾಯವಾದ ದಾರಿ.

ಆದರೆ ಆ ನ್ಯಾಯ ಭಾರತದ ನಾವಿಕರವರೆಗೆ ಬರಲಿಲ್ಲ. ಉಗಿ ಹಡಗುಗಳ ಕಾಲದಲ್ಲಿ ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಸಾವಿರಾರು ಭಾರತೀಯ ಲಸ್ಕರುಗಳು, ಅವರ ಮೇಲೆ ತಂಡೇಲರು, ಸಾರಂಗರು ದುಡಿದರು. ಇಡೀ ಆಯುಷ್ಯ ಸಮುದ್ರದಲ್ಲಿ ಕಳೆದ ಸಾರಂಗನಿಗೂ ಹಡಗಿನ ಅಧಿಕಾರಿಯಾಗುವ ಹಾದಿ ಮುಚ್ಚಿತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟ ದಿನವನ್ನು ಇಂದು ರಾಷ್ಟ್ರೀಯ ಸಾಗರಯಾನ ದಿನವೆಂದು ಆಚರಿಸುತ್ತಾರೆ. ಭಾರತೀಯರದೇ ಹಡಗು ಹೊರಟಿತು, ಅದನ್ನು ನಡೆಸುವ ಭಾರತೀಯ ಅಧಿಕಾರಿಗಳನ್ನು ತಯಾರು ಮಾಡುವ ವ್ಯವಸ್ಥೆ ಇರಲಿಲ್ಲ. ವಾಣಿಜ್ಯ ನೌಕಾ ಸಮಿತಿಯ ಶಿಫಾರಸಿನ ನಂತರ 1927ರಲ್ಲಿ ಮುಂಬೈಯಲ್ಲಿ ‘ಡಫರಿನ್’ ತರಬೇತಿ ಹಡಗು ಆರಂಭವಾಯಿತು. ಅಲ್ಲಿ ಕಲಿತ ಹುಡುಗರು ಅಪ್ರೆಂಟಿಸರಾಗಿ ಸೇವಾವಧಿ ತುಂಬಿಸಿ, ಪರೀಕ್ಷೆ ಬರೆದು, ಒಂದೊಂದೇ ಮೆಟ್ಟಿಲು ಏರಿ ಕಪ್ತಾನರಾದರು. 1972ರಲ್ಲಿ ‘ರಾಜೇಂದ್ರ’ ಹಡಗು ಅದರ ಸ್ಥಾನಕ್ಕೆ ಬಂತು.

ಇಂದು ಸಮುದ್ರ ಸೇವಾವಧಿಯ ಲೆಕ್ಕ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ. 1978ರಲ್ಲಿ ಆದ, 1995 ಮತ್ತು 2010ರಲ್ಲಿ ತಿದ್ದುಪಡಿಯಾದ ಆ ಒಪ್ಪಂದದ ಪ್ರಕಾರ, ಹಡಗಿನ ಪಾಳಿ ಅಧಿಕಾರಿಯಾಗಲು ಮಾನ್ಯ ತರಬೇತಿಯ ಭಾಗವಾಗಿ ಕನಿಷ್ಠ 12 ತಿಂಗಳು, ಅಂಥ ತರಬೇತಿ ಇಲ್ಲದಿದ್ದರೆ ಕನಿಷ್ಠ 36 ತಿಂಗಳು ಸಮುದ್ರದಲ್ಲಿ ದುಡಿದಿರಬೇಕು. ಅದರಲ್ಲಿ ಕನಿಷ್ಠ 6 ತಿಂಗಳು ಅರ್ಹ ಅಧಿಕಾರಿಯ ಕಣ್ಣೆದುರು ಪಾಳಿ ಕಾದಿರಬೇಕು. ದೊಡ್ಡ ಹಡಗಿನ ಕಪ್ತಾನನಾಗಲು ಪಾಳಿ ಅಧಿಕಾರಿಯಾಗಿ 36 ತಿಂಗಳು. ಮುಖ್ಯ ಅಧಿಕಾರಿಯಾಗಿ 12 ತಿಂಗಳು ಕಳೆದಿದ್ದರೆ ಒಟ್ಟು 24 ತಿಂಗಳು ಸಾಕು. ಪ್ರತಿ ಹಡಗಿಗೆ ಹತ್ತಿದ ದಿನ, ಇಳಿದ ದಿನ ನಾವಿಕನ ಪುಸ್ತಕದಲ್ಲಿ ಕಪ್ತಾನನ ಸಹಿಯೊಡನೆ ದಾಖಲಾಗುತ್ತದೆ. ಹಡಗು ಸಿಗದೆ ದಡದಲ್ಲಿ ಕಾದ ಕಾಲ, ರಜೆಯ ಕಾಲ ಲೆಕ್ಕಕ್ಕೆ ಸೇರದ ಕಾರಣ ಹೊಸಬರು ಹಡಗು ಸಿಗುವುದನ್ನೇ ಕಾಯುತ್ತಾ ವರ್ಷಗಳನ್ನು ಕಳೆಯುವುದೂ ಉಂಟು. ಪುಸ್ತಕ ಕಟ್ಟುನಿಟ್ಟಾದಷ್ಟೂ ಅದನ್ನು ತುಂಬಿಸುವ ಅವಕಾಶ ವಿರಳವಾಗುವುದು ಈ ವ್ಯವಸ್ಥೆಯ ದೊಡ್ಡ ದೋಷ.

ಕರ್ನಾಟಕದ ಕರಾವಳಿಯಲ್ಲಿ ಎರಡೂ ಲೋಕಗಳು ಒಟ್ಟೊಟ್ಟಿಗೆ ಬದುಕಿವೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಲ್ಲಿ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಮೀನುಗಾರಿಕೆ ದೋಣಿಗಳಲ್ಲಿ ಮುಖ್ಯಸ್ಥನಿಗೆ ತಂಡೇಲ ಎಂದೇ ಹೆಸರು. ಹುಡುಗ ಅಡುಗೆ ಕೆಲಸಕ್ಕೆ ದೋಣಿ ಹತ್ತಿ, ಖಲಾಸಿಯಾಗಿ ಬಲೆ ಹಗ್ಗ ಚುಕ್ಕಾಣಿಗಳ ಕೆಲಸ ಕಲಿತು, ಗಾಳಿ ನೀರುಗಳ ನಡೆ ಅರಿತ ಮೇಲೆ ತಂಡೇಲನಾಗುತ್ತಾನೆ. 1958ರ ವಾಣಿಜ್ಯ ಹಡಗು ಕಾಯ್ದೆ ಹಾಯಿಹಡಗಿನ ಮುಖ್ಯಸ್ಥನಿಗೆ ಈ ಹಳೆಯ ಹೆಸರನ್ನೇ ಕಾನೂನಿನ ಮಾತಾಗಿ ಇಟ್ಟುಕೊಂಡಿತು. ದೊಡ್ಡ ಮೀನುಗಾರಿಕೆ ಹಡಗುಗಳಿಗೆ ಸ್ಕಿಪ್ಪರ್, ಮೇಟ್ ಎಂಬ ಪ್ರಮಾಣಪತ್ರಗಳು ಬಂದವು. ಅವುಗಳಿಗೆ ತಯಾರು ಮಾಡಲು 1963ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಮೀನುಗಾರಿಕಾ ತರಬೇತಿ ಸಂಸ್ಥೆ ಸ್ಥಾಪನೆಯಾಯಿತು. ಸಾಮಾನ್ಯ ತಂಡೇಲನ ಅರ್ಹತೆ ಮಾತ್ರ ಇಂದಿಗೂ ದೋಣಿ ಮಾಲೀಕನ ನಂಬಿಕೆ ಮತ್ತು ಖಲಾಸಿಗಳ ಒಪ್ಪಿಗೆಯ ಮೇಲೆ ನಿಂತಿದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಪರವಾನಗಿ ಕೊಡುವುದು ದೋಣಿಗೆ.

ಒಳನಾಡಿನ ನೀರಿಗೆ ಬೇರೆ ಕಾಯ್ದೆ. 1917ರ ಒಳನಾಡು ಉಗಿದೋಣಿ ಕಾಯ್ದೆ ಮಾಸ್ಟರ್, ಸಾರಂಗ, ಎಂಜಿನ್ ಡ್ರೈವರ್ ಎಂಬ ದರ್ಜೆಗಳನ್ನು ಮಾಡಿ, ಸೇವಾವಧಿ ನೋಡಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಕ್ರಮ ತಂದಿತು. 1977ರ ತಿದ್ದುಪಡಿಯಲ್ಲಿ ಯಂತ್ರದಿಂದ ಓಡುವ ಎಲ್ಲ ದೋಣಿಗಳೂ ಅದರೊಳಗೆ ಬಂದವು. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಜನ, ಬಸ್ಸುಗಳನ್ನು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚುಗಳು ಕನ್ನಡಿಗರು ಹೆಚ್ಚು ಕಂಡಿರುವ ಯಂತ್ರದೋಣಿಗಳು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆಯಿತು. ಆದರೆ ಹುಟ್ಟಿನಿಂದ ನಡೆಯುವ ಹರಿಗೋಲು ಹಡಗಿನ ಕಾಯ್ದೆಗೂ ಸೇರಲಿಲ್ಲ, ಒಳನಾಡಿನ ಕಾಯ್ದೆಗೂ ಸೇರಲಿಲ್ಲ. ನಲವತ್ತು ಮಳೆಗಾಲ ಕೃಷ್ಣೆಯನ್ನು ದಾಟಿಸಿದವನ ಸೇವಾವಧಿ ಕಾನೂನಿನ ಲೆಕ್ಕದಲ್ಲಿ ಸೊನ್ನೆಯಾಯಿತು.

ಈ ನಡುವೆ ಹೊಳೆಯೂ ಬದಲಾಯಿತು. 1871ರಲ್ಲಿ ಮುಂಬೈ, ಮದ್ರಾಸ್ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದಾಗ ಕೃಷ್ಣೆಯ ಮೇಲೆ ರೈಲುಸೇತುವೆ ನಿಂತಿತು. ದಡದ ಕೃಷ್ಣಾ ಎಂಬ ನಿಲ್ದಾಣ ಇಂದು ನಾರಾಯಣಪೇಟೆ ಜಿಲ್ಲೆಯಲ್ಲಿದೆ. 1943ರಲ್ಲಿ ದೇವಸೂಗೂರಿನ ಬಳಿ ನಿಜಾಮರ ರಸ್ತೆಸೇತುವೆ ಮುಗಿಯಿತು. ಸಿಕಂದರಾಬಾದಿನಿಂದ ಗದ್ವಾಲ, ಮಾನೋಪಾಡು ಹಾದು ಕರ್ನೂಲಿಗೆ ಹೋಗುವ ರೈಲು ಎರಡೂ ಹೊಳೆಗಳನ್ನು ದಾಟಿಸಿತು. ದೊಡ್ಡ ದಾರಿಗಳ ಗಿರಾಕಿ ಅಂಬಿಗನ ಕೈಬಿಟ್ಟ. ಸೇತುವೆಯಿಂದ ದೂರದ ಹಳ್ಳಿಗಳು, ಹೊಳೆ ನಡುವಿನ ಗಡ್ಡೆಗಳು, ಯಾತ್ರಾಸ್ಥಳಗಳು ಅವನಿಗೆ ಉಳಿದವು. ಗುರು ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರಕ್ಕೆ ಮಕ್ತಲ ಕಡೆಯ ಪಂಚದೇವಪಹಾಡದಿಂದ ಭಕ್ತರು ಹರಿಗೋಲಿನಲ್ಲೇ ದಾಟುತ್ತ ಬಂದಿದ್ದಾರೆ.

ಸೇತುವೆ ಕಸಿದದ್ದು ಆದಾಯವನ್ನು. ಅಣೆಕಟ್ಟೆಗಳು ಕಸಿದದ್ದು ವಿದ್ಯೆಯನ್ನು, ಮತ್ತು ಅದೇ ಹೆಚ್ಚು ಆಳದ ನಷ್ಟ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ತಡೆಯಿತು. ಆಮೇಲೆ ರಾಜೋಳಿಬಂಡೆಯ ತಿರುವು ಯೋಜನೆ ಆಲಂಪುರ, ಮಾನೋಪಾಡಿನ ಕಡೆ 87,500 ಎಕರೆಗೆ ನೀರೆಂದು ಗೊತ್ತುಮಾಡಿತು. ಕೃಷ್ಣೆಗೆ ನಾರಾಯಣಪುರ, ಆಲಮಟ್ಟಿ, ಗದ್ವಾಲದ ಬಳಿ ಜುರಾಲ ಬಂದವು. ಕೆಳಗೆ ಶ್ರೀಶೈಲದ ಹಿನ್ನೀರು ಸಂಗಮದವರೆಗೆ ಏರಿ, ಕೂಡಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಬೇಕಾಯಿತು. ಈಗ ನೀರು ಏರುವುದು ಘಟ್ಟದ ಮಳೆಯ ಜೊತೆಗೆ ಗೇಟುಗಳ ತೀರ್ಮಾನದ ಮೇಲೂ ನಿಂತಿದೆ. ನೊರೆ, ಕೆಂಪು ಬಣ್ಣ, ತೇಲುವ ಕಸ ಮೊದಲು ಬಂದು ಆಮೇಲೆ ನೀರು ಏರುವ ಹಳೆಯ ಕ್ರಮ ಕೆಟ್ಟಿತು. 2009ರ ಅಕ್ಟೋಬರಿನ ನೆರೆಯಲ್ಲಿ ಕರ್ನೂಲು ಮುಳುಗಿತು, ರಾಜೋಳಿ, ಆಲಂಪುರ, ಮಾನೋಪಾಡಿನ ಹಳ್ಳಿಗಳಿಗೆ ನೀರು ನುಗ್ಗಿತು. ಅಂಥ ನೀರನ್ನು ಹಿರಿಯರೂ ಕಂಡಿರಲಿಲ್ಲ. 2020ರ ಆಗಸ್ಟಿನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲ ಗಡ್ಡೆಯ ಬಳಿ ಏರಿದ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ಜನ ಕೊಚ್ಚಿಹೋದರು.

ಇಂಥ ಅವಘಡಗಳಾದಾಗಲೆಲ್ಲ ಮೊದಲ ಆಜ್ಞೆ ಹರಿಗೋಲು ನಿಲ್ಲಿಸಿ ಎಂಬುದು. ಗಡ್ಡೆಯ ಜನ ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಹೋಗಬೇಕಾದ್ದರಿಂದ ಅದು ಹೆಚ್ಚು ದಿನ ನಡೆಯುವುದಿಲ್ಲ. ಯಾರು ನಡೆಸಬಲ್ಲರು, ಯಾರು ನಡೆಸಬಾರದು ಎಂದು ಗುರುತಿಸುವ ಕೆಲಸ ಬಾಕಿಯೇ ಉಳಿಯುತ್ತದೆ. ಮೊದಲು ಊರು ಅದನ್ನು ಮಾಡುತ್ತಿತ್ತು. ಊರಿನ ಹುಡುಗರು ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗಿ, ಮಳೆಗಾಲದ ಎರಡನೆಯ ಹುಟ್ಟು ಹಿಡಿಯುವವರು ಇಲ್ಲದಾದ ಮೇಲೆ ಊರಿನ ಆ ಪರೀಕ್ಷೆಯೂ ಸಡಿಲವಾಗಿದೆ.

1917ರ ಕಾಯ್ದೆಯನ್ನು ತೆಗೆದುಹಾಕಿ 2021ರಲ್ಲಿ ಹೊಸ ಒಳನಾಡು ನೌಕಾ ಕಾಯ್ದೆ ಬಂತು. ಯಂತ್ರವಿಲ್ಲದ ದೋಣಿಗಳಿಗಾಗಿಯೇ ಅದರಲ್ಲಿ ಒಂದು ಅಧ್ಯಾಯವಿದೆ. ಅವುಗಳನ್ನು ನೋಂದಾಯಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳು ಸ್ಥಳೀಯ ಆಡಳಿತಕ್ಕೆ, ಅಂದರೆ ಪಂಚಾಯಿತಿಯ ಮಟ್ಟಕ್ಕೆ ಒಪ್ಪಿಸಬಹುದು. ಹರಿಗೋಲು ಕೇಂದ್ರದ ನೌಕಾ ಕಾನೂನಿನೊಳಗೆ ಕಾಲಿಡಲು ಬಾಗಿಲು ತೆರೆದದ್ದು ಇದೇ. ಆದರೆ ದೋಣಿಯ ನೋಂದಣಿ ಅರ್ಧ ಕೆಲಸ. ಬಿದಿರಿನ ಬುಟ್ಟಿ ಗಟ್ಟಿಯಾಗಿದ್ದು ನಡೆಸುವವನು ಹೊಸಬನಾದರೆ ಹೊಳೆಯ ಅಪಾಯ ಕಡಿಮೆಯಾಗದು. 1850ರಲ್ಲಿ ಹಡಗಿನ ಹಳಬರಿಗೆ ದೊರೆತ ಸೇವಾ ಪ್ರಮಾಣಪತ್ರ ಈ ಹೊಳೆಗಳ ಅಂಬಿಗರಿಗೂ ಸಲ್ಲಬೇಕು. ಕೃಷ್ಣಾ ತುಂಗಭದ್ರೆಯ ದಡದ ಪಂಚಾಯಿತಿಗಳು, ತೆಲಂಗಾಣ, ಕರ್ನಾಟಕ, ಆಂಧ್ರ ಯಾವುದಕ್ಕೇ ಸೇರಿರಲಿ, ಹಳಬರು ಬದುಕಿರುವಾಗಲೇ ಅವರ ಹೆಸರು, ಅವರು ನಡೆಸಿದ ರೇವು, ಕಂಡ ಮಳೆಗಾಲಗಳು, ಅವರ ಕೈಕೆಳಗೆ ಪಳಗಿದವರ ಹೆಸರು ಇವನ್ನು ದಾಖಲೆ ಮಾಡಿ, ಅದರ ಆಧಾರದ ಮೇಲೆ ದೋಣಿ ನಡೆಸುವ ಪರವಾನಗಿ ಕೊಡಬೇಕು. ಜುರಾಲ, ಸುಂಕೇಸುಲ, ರಾಜೋಳಿಬಂಡೆಗಳಿಂದ ನೀರು ಬಿಡುವ ಸುದ್ದಿ ಆ ಪಟ್ಟಿಯಲ್ಲಿರುವವರ ಫೋನಿಗೆ ಎಲ್ಲರಿಗಿಂತ ಮೊದಲು ಹೋಗಬೇಕು.